ಸುಕ್ರಜ್ಜಿಗೆ ಹಾರ ಹಾಕಿದಿರಿ, ಹಾಡು ಎಲ್ಲಿಟ್ಟಿರಿ?

ಕನ್ನಡದ ತರುಣ ಗೆಳೆಯರೇ, 5,000 ಹಾಡು ಎಂದರೆ ಎಷ್ಟು ಗೊತ್ತೆ? ದಿನಕ್ಕೊಂದರಂತೆ, ಒಂದು ದಿನವೂ ತಪ್ಪಿಸದೆ ಕಲಿತರೆ 13 ವರ್ಷ ಮುಗಿದ ಮೇಲೂ ಎಂಟು ತಿಂಗಳ ಕೆಲಸ ಬಾಕಿ ಉಳಿಯುತ್ತದೆ. ನಿಮ್ಮ ಮೊಬೈಲಿಗೆ ಅಷ್ಟು ಹಾಡು ತುಂಬಿಸುವುದು ಒಂದು ಸಂಜೆಯ ಕೆಲಸ. ಆದರೆ ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳದೆ, ಅಷ್ಟನ್ನೂ ತಲೆಯಲ್ಲೇ ಹೊತ್ತು, ಕೇಳಿದವರಿಗೆ ಕೇಳಿದ ಹಾಡನ್ನು ಎತ್ತಿಕೊಡುತ್ತಿದ್ದ ಒಬ್ಬ ತಾಯಿ ಈ ನಾಡಿನಲ್ಲಿದ್ದರು. ಉತ್ತರ ಕನ್ನಡ ಜಿಲ್ಲೆ ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ. ಊರಿನವರ ಬಾಯಲ್ಲಿ ಸುಕ್ರಜ್ಜಿ. 2025ರ ಫೆಬ್ರವರಿ 13, ಗುರುವಾರ, ತೊಂಬತ್ತರ ಆಸುಪಾಸಿನ ಆ ಜೀವ ಹೋಯಿತು.

ಆ ವಾರ ನಮ್ಮ ರಾಜಧಾನಿ ಏನು ಮಾಡುತ್ತಿತ್ತು? ಅರಮನೆ ಮೈದಾನದಲ್ಲಿ ‘ಇನ್ವೆಸ್ಟ್ ಕರ್ನಾಟಕ’ ನಡೆಯುತ್ತಿತ್ತು. 10.27 ಲಕ್ಷ ಕೋಟಿ ರೂಪಾಯಿ ಬಂಡವಾಳ ಹರಿದು ಬರುತ್ತದೆಂದು ಡಂಗುರ ಸಾರಿದರು. ಯಲಹಂಕದಲ್ಲಿ ಯುದ್ಧವಿಮಾನಗಳು ಹಾರುತ್ತಿದ್ದವು. ಮರುದಿನ ಪ್ರೇಮಿಗಳ ದಿನ, ನಿಮ್ಮಲ್ಲಿ ಎಷ್ಟೋ ಮಂದಿಗೆ ಗುಲಾಬಿಯ ಚಿಂತೆ. ಬೇಡ ಎನ್ನುವುದಿಲ್ಲ, ವಯಸ್ಸು ಅಂಥದ್ದು. ಪತ್ರಿಕೆಗಳಲ್ಲಿ ಚಿತ್ರ ಬಂತು, ಗಣ್ಯರ ಸಂತಾಪ ಬಂತು, ‘ತುಂಬಲಾರದ ನಷ್ಟ’ ಎಂಬ ಸವೆದ ಮಾತೂ ಬಂತು. ತುಂಬಲಾರದ ನಷ್ಟ ಎಂದು ಹೇಳಿಬಿಟ್ಟರೆ ತುಂಬುವ ಕೆಲಸ ತಪ್ಪುತ್ತದೆ ನೋಡಿ!

ಕನ್ನಡದ ಹಕ್ಕಿಗಾಗಿ ಬೀದಿಗಿಳಿಯುವ ನಮ್ಮಂಥವರು ಈ ಅಜ್ಜಿಯ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸುಕ್ರಜ್ಜಿ ಹಾಲಕ್ಕಿ ಒಕ್ಕಲಿಗರು. ಹೆಸರು ಕೇಳಿ ಮೈಸೂರು ಸೀಮೆಯ ಒಕ್ಕಲಿಗರ ಜೊತೆ ಕಲಸಬೇಡಿ. ಇವರು ಪಶ್ಚಿಮ ಘಟ್ಟದ ಬುಡದಿಂದ ಕಡಲಿನವರೆಗಿನ ಸೀಳು ನೆಲದಲ್ಲಿ, ‘ಕೊಪ್ಪ’ ಎಂಬ ಗುಂಪುಮನೆಗಳಲ್ಲಿ ಬಾಳಿಕೊಂಡು ಬಂದ ಜನ. ಕೊಪ್ಪಕ್ಕೊಬ್ಬ ಗೌಡ, ಅವನಿಗೆ ಬುದ್ಧಿ ಹೇಳಲು ಬುದವಂತ, ಸುದ್ದಿ ಸಾರಲು ಕೋಲಕಾರ ಎಂದು ತಮ್ಮದೇ ಆಡಳಿತ ಕಟ್ಟಿಕೊಂಡವರು. ಹೆಂಗಸರ ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಉಡುವ ಸೀರೆ. ಸುಗ್ಗಿ ಬಂದರೆ ಗಂಡಸರು ತಲೆಗೆ ತುರಾಯಿ ಕಟ್ಟಿ ಮನೆಮನೆಯ ಅಂಗಳದಲ್ಲಿ ಕುಣಿಯುತ್ತಾರೆ, ಗುಮಟೆ ಬಾರಿಸುತ್ತಾರೆ. ಹೆಂಗಸರಿಗೆ ತಾರ್ಲೆ ಕುಣಿತ. ಈ ತಾರ್ಲೆ ಕುಣಿತವನ್ನು ಊರಾಚೆಗೆ ಒಯ್ದು ತೋರಿಸಿದವರಲ್ಲಿ ಸುಕ್ರಜ್ಜಿ ದೊಡ್ಡ ಹೆಸರು.

ಬದುಕು ಹಾಡಿನಷ್ಟು ಸಿಹಿಯಾಗಿರಲಿಲ್ಲ. ಹಾಡು ಕಲಿಸಿದ್ದು ಹೆತ್ತ ತಾಯಿ. ಹರೆಯ ಕಾಲಿಡುವ ಹೊತ್ತಿಗೇ ಮದುವೆ, ಗಂಡ ವಯಸ್ಸಿನಲ್ಲಿ ಬಹಳ ಹಿರಿಯ. ಆತನನ್ನು ಕುಡಿತ ತಿಂದಿತು. ಮುಂದೆ ಮಗನೆಂದು ಸಾಕಿಕೊಂಡವನನ್ನೂ ಅದೇ ಕುಡಿತ ತಿಂದಿತು. ಕೂಲಿ ಮಾಡದೆ ಒಲೆ ಉರಿಯದ ಮನೆ. ಇಂಥ ಬದುಕಿನಲ್ಲಿ ಹಾಡು ಎಲ್ಲಿಂದ ಬಂತು ಎಂದು ನಗರದವರು ಬೆರಗಾಗುತ್ತಾರೆ. ಬೆರಗೇಕೆ? ಬಗ್ಗಿದ ಬೆನ್ನು ನೆಟ್ಟಗಾಗುವ ತನಕ ನೆಟ್ಟಿ ಮಾಡುವವರಿಗೆ, ಬೀಸುವವರಿಗೆ, ಕುಟ್ಟುವವರಿಗೆ ಹಾಡಲ್ಲದೆ ಬೇರೆ ಆಸರೆ ಏನಿತ್ತು?

ತನ್ನ ಮನೆಯ ಎರಡು ಜೀವ ನುಂಗಿದ ಕುಡಿತದ ವಿರುದ್ಧ ಅವರು ಎದ್ದು ನಿಂತರು. ಇದನ್ನು ಜಾನಪದದ ಸನ್ಮಾನಪತ್ರಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಬಡಗೇರಿಯ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ವಿರುದ್ಧ ಹೋರಾಟಕ್ಕಿಳಿದ ಸುಕ್ರಜ್ಜಿಗೆ ಕೈಯಲ್ಲಿ ಧ್ವಜ ಇರಲಿಲ್ಲ, ಹಿಂದೆ ಪಕ್ಷ ಇರಲಿಲ್ಲ. ಇದ್ದದ್ದು ಗಂಟಲು. ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿದ್ದು 2007ರ ಜುಲೈ 1ರಿಂದ. ಇಂಥ ಎಷ್ಟೋ ಊರುಗಳ ಹೆಂಗಸರು ಅದಕ್ಕೂ ಬಹಳ ಮೊದಲೇ ಬಾಯಿಬಿಟ್ಟು ಕೂಗಿದ್ದರು. ಈಗ ಸಾರಾಯಿ ಪ್ಯಾಕೆಟ್ ಹೋಗಿ ಅದರ ಜಾಗಕ್ಕೆ ಸರ್ಕಾರದ ಮುದ್ರೆಯಿರುವ ಬಾಟಲಿ ಬಂದಿದೆ. 2024–25ರ ಬಜೆಟ್ಟಿನಲ್ಲಿ ಅಬಕಾರಿಯಿಂದಲೇ 38,525 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡಿದ್ದ ಸರ್ಕಾರ, ಕುಡಿತದ ವಿರುದ್ಧ ಹೋರಾಡಿದ ಅಜ್ಜಿಗೆ ಸಂತಾಪ ಸೂಚಿಸುತ್ತದೆ. ಇದನ್ನು ನೋಡಿ ನಗಬೇಕೋ ಅಳಬೇಕೋ ನೀವೇ ಹೇಳಿ.

ಇನ್ನು ಭಾಷೆಯ ಮಾತಿಗೆ ಬರೋಣ. ಈ ಪತ್ರಿಕೆ ಓದುವವರಿಗೆ ಅದೇ ತಾನೆ ಮುಖ್ಯ?

ಸುಕ್ರಜ್ಜಿ ಹಾಡಿದ್ದು ಹಾಲಕ್ಕಿ ಕನ್ನಡದಲ್ಲಿ. ಅದು ನಿಮ್ಮ ಪಠ್ಯಪುಸ್ತಕದ ಕನ್ನಡವಲ್ಲ, ವಾರ್ತೆ ಓದುವವರ ಕನ್ನಡವಲ್ಲ, ಬೆಂಗಳೂರಿನ ಎಫ್ಎಂನವರು ಉಸಿರು ಬಿಡದೆ ಉದುರಿಸುವ ಕಲಬೆರಕೆಯಂತೂ ಅಲ್ಲವೇ ಅಲ್ಲ. ಕರಾವಳಿಯ ಈ ಜನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಒಂದು ಪ್ರತ್ಯೇಕ ಕನ್ನಡ. ಇದನ್ನು ಯಾರು ಗಮನಿಸಿದರು ಗೊತ್ತೆ? ಪುಣೆಯ ಡೆಕ್ಕನ್ ಕಾಲೇಜಿನವರು! 1967ರಲ್ಲೇ ಎ.ಎಸ್. ಆಚಾರ್ಯ ಅವರ ‘ಹಾಲಕ್ಕಿ ಕನ್ನಡ’ ಎಂಬ ಅಧ್ಯಯನವನ್ನು ಅಲ್ಲಿ ಅಚ್ಚು ಹಾಕಿದರು, ಅದೂ ಇಂಗ್ಲಿಷಿನಲ್ಲಿ. ಪುಣೆಗೆ ಗೊತ್ತಿದ್ದ ಕನ್ನಡ ಬಸವನಗುಡಿಗೆ, ರಾಜಾಜಿನಗರಕ್ಕೆ, ವಿಜಯನಗರಕ್ಕೆ ಗೊತ್ತಿಲ್ಲ! ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿಯಂಥವರು ಊರೂರು ತಿರುಗಿ ಆ ಜಿಲ್ಲೆಯ ಹಾಡು, ಕಥೆ, ನಂಬಿಕೆಗಳನ್ನು ಕೂಡಿಹಾಕದಿದ್ದರೆ ಅಷ್ಟೂ ಇರುತ್ತಿರಲಿಲ್ಲ. ಹಳ್ಳಿ ಸುತ್ತಿದ ಇಂಥ ಮೇಷ್ಟ್ರುಗಳ ಋಣ ನಮ್ಮ ಮೇಲೆ ದೊಡ್ಡದಿದೆ.

ಒಂದು ಕಹಿ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ. ಪರಭಾಷೆಯವನು ‘ಕನ್ನಡ್ ಗೊತ್ತಿಲ್ಲ’ ಎಂದಾಗ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಅಂಕೋಲೆಯಿಂದಲೋ ಕುಂದಾಪುರದಿಂದಲೋ ಕಲಬುರಗಿಯಿಂದಲೋ ಬಂದ ಹುಡುಗ ನಿಮ್ಮ ಹಾಸ್ಟೆಲಿನಲ್ಲಿ ಬಾಯಿ ಬಿಟ್ಟ ತಕ್ಷಣ ಕಿಸಕ್ಕನೆ ನಗುವವರು ಯಾರು? ಆ ಪರಭಾಷೆಯವನೇ? ಅಲ್ಲ ಸ್ವಾಮೀ, ಅವನಿಗೆ ವ್ಯತ್ಯಾಸವೇ ತಿಳಿಯದು. ನಗುವವರು ಕನ್ನಡಿಗರು. ಕಿರುತೆರೆಯ ಹಾಸ್ಯದಲ್ಲಿ ಪೆದ್ದನ ಪಾತ್ರಕ್ಕೆ ಯಾವ ಸೀಮೆಯ ಮಾತು ಹಚ್ಚುತ್ತಾರೆ, ನಾಯಕನ ಬಾಯಲ್ಲಿ ಯಾವ ಸೀಮೆಯ ಮಾತು ಇರುತ್ತದೆ, ಈ ವಾರ ಗಮನಿಸಿ ನೋಡಿ. ಹೀಗೆ ನಗಿಸಿಕೊಂಡ ಹುಡುಗ ಎರಡೇ ತಿಂಗಳಲ್ಲಿ ತನ್ನ ಅಜ್ಜಿಯ ಮಾತನ್ನು ನುಂಗಿಕೊಳ್ಳುತ್ತಾನೆ. ಇನ್ನೊಂದಿಷ್ಟು ದಿನ ಕಳೆದರೆ ಯಾರೂ ನಗದ ಇಂಗ್ಲಿಷಿಗೆ ಹೋಗುತ್ತಾನೆ. ಕನ್ನಡ ಹೊರಗಿನಿಂದ ಎಷ್ಟು ಕರಗುತ್ತಿದೆಯೋ ಒಳಗಿನಿಂದಲೂ ಅಷ್ಟೇ ಕರಗುತ್ತಿದೆ.

ಸುಕ್ರಜ್ಜಿ ಮಾತ್ರ ನುಂಗಿಕೊಳ್ಳಲಿಲ್ಲ. 2017ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗಲೂ ಕೊರಳಲ್ಲಿ ಅದೇ ಮಣಿಸರ. ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರ ಎದುರು ನಿಂತದ್ದು ಅದೇ ಬಡಗೇರಿಯ ಹೆಂಗಸು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ‘ನಾಡೋಜ’ ಎಂದು ಕರೆಯಿತು. ನಾಡಿಗೇ ಓಜ ಎಂದರೆ ಗುರು. ಗುರುವೆಂದು ಕರೆದ ಮೇಲೆ ಶಿಷ್ಯರು ಎಲ್ಲಿ?

ಎರಡು ತಿಂಗಳು ಹಿಂದಕ್ಕೆ ಹೋಗಿ. 2024ರ ಡಿಸೆಂಬರ್ 16ರಂದು ಅದೇ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ತೀರಿಕೊಂಡಿದ್ದರು. ಅವರೂ ಹಾಲಕ್ಕಿ, ಅವರೂ ಓದು ಬರಹ ಕಲಿಯದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿ, ಯಾವ ಮರದ ಬೀಜ ಯಾವಾಗ ಆರಿಸಬೇಕೆಂದು ಅಧಿಕಾರಿಗಳಿಗೇ ಹೇಳಿಕೊಡುವಷ್ಟು ಬಲ್ಲವರು. 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದ ಅವರ ಚಿತ್ರ ನಿಮ್ಮ ಮೊಬೈಲುಗಳಲ್ಲೆಲ್ಲ ಓಡಾಡಿತ್ತು. ಒಂದೇ ತಾಲೂಕಿನ, ಒಂದೇ ಜನಾಂಗದ ಇಬ್ಬರು ಪದ್ಮಶ್ರೀ ಅಜ್ಜಿಯರು ಎರಡು ತಿಂಗಳೊಳಗೆ ಹೋದರು! ಒಬ್ಬರು ಕಾಡಿನ ಗ್ರಂಥಾಲಯ, ಇನ್ನೊಬ್ಬರು ಹಾಡಿನ ಗ್ರಂಥಾಲಯ. ಎರಡರ ಬೀಗದ ಕೈಯನ್ನೂ ಇಸಿದುಕೊಳ್ಳಲು ನಾವು ಹೋಗಲಿಲ್ಲ.

ಪದ್ಮ ಪ್ರಶಸ್ತಿಯ ಬಗ್ಗೆ ಒಂದು ಮಾತು, ಬಹಳ ಜನಕ್ಕೆ ಗೊತ್ತಿಲ್ಲ. ಅದರ ಜೊತೆ ನಗದು ಬರುವುದಿಲ್ಲ, ರೈಲಿನಲ್ಲಿ ರಿಯಾಯಿತಿ ಕೂಡ ಇಲ್ಲ. ಪದಕ, ಪ್ರಮಾಣಪತ್ರ ಅಷ್ಟೆ. ಗೌರವವನ್ನು ಹಣದಲ್ಲಿ ಅಳೆಯಬಾರದು, ಒಪ್ಪಿದೆ. ಆದರೆ ಆ ಅಜ್ಜಿಯರು ಕೇಳುತ್ತಿದ್ದದ್ದು ಹಣವನ್ನೂ ಅಲ್ಲ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂಬ ಹಳೆಯ ಬೇಡಿಕೆಯದು. ಸುಕ್ರಜ್ಜಿ ಅದಕ್ಕಾಗಿ ದನಿ ಎತ್ತಿದವರು. ಕಣ್ಣು ಮುಚ್ಚುವವರೆಗೆ ಅದು ಕೈಗೂಡಲಿಲ್ಲ.

‘ಭಾಷಾ ಪತ್ರಿಕೆಯಲ್ಲಿ ಜಾತಿಪಟ್ಟಿಯ ಮಾತೇಕೆ?’ ಎಂದು ಕೆಲವರು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೇಳುತ್ತೇನೆ ಕೇಳಿ. ಯಾರನ್ನು ಬುಡಕಟ್ಟು ಎನ್ನಬೇಕೆಂಬುದಕ್ಕೆ 1965ರ ಲೋಕೂರ್ ಸಮಿತಿಯ ಕಾಲದಿಂದ ಕೆಲವು ಅಳತೆಗೋಲುಗಳಿವೆ. ಆದಿಮ ಲಕ್ಷಣ, ಪ್ರತ್ಯೇಕ ಸಂಸ್ಕೃತಿ, ಭೌಗೋಳಿಕ ಒಂಟಿತನ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ‘ಪ್ರತ್ಯೇಕ ಸಂಸ್ಕೃತಿ’ ಎಂದರೆ ಇನ್ನೇನು, ಈ ಹಾಡು, ಈ ಮಾತು, ಈ ಉಡುಗೆ ತಾನೆ? ಪ್ರಶಸ್ತಿ ಕೊಡುವಾಗ ‘ಅಪರೂಪದ ಬುಡಕಟ್ಟು ಸಂಸ್ಕೃತಿ’ ಎಂದು ಹೊಗಳಿ, ಹಕ್ಕು ಕೊಡುವಾಗ ಅಳತೆಗೋಲು ಹುಡುಕುತ್ತಾ ಕೂರುವುದು ಯಾವ ನ್ಯಾಯ? ರಾಜ್ಯ ಸರ್ಕಾರ ಶಿಫಾರಸು ಮಾಡಬೇಕು, ಅದು ದೆಹಲಿಯಲ್ಲಿ ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿ ದಾಟಬೇಕು, ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗ ದಾಟಬೇಕು, ಸಚಿವ ಸಂಪುಟ ದಾಟಬೇಕು, ಕಡೆಗೆ ಸಂಸತ್ತು. ಇಷ್ಟು ಹೊಸಿಲು ದಾಟುವ ಕಡತ ಯಾವುದೋ ಒಂದು ಹೊಸಿಲಿನ ಮೇಲೆ ಕುಳಿತುಬಿಟ್ಟರೆ ಎಬ್ಬಿಸಲು ಎಂಪಿ ಬೇಕು. ಅದೇ ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2022ರ ಡಿಸೆಂಬರಿನಲ್ಲಿ ಸಂಸತ್ತು ಕಾಡುಕುರುಬರ ಪರ್ಯಾಯ ಹೆಸರಾಗಿ ಬೆಟ್ಟಕುರುಬರನ್ನು ಪಟ್ಟಿಗೆ ಸೇರಿಸಲು ಒಪ್ಪಿತು. ಮನಸ್ಸಿದ್ದರೆ ಆಗುತ್ತದೆ ಎಂದಾಯಿತಲ್ಲ?

2023ರ ಮೇ ತಿಂಗಳಲ್ಲಿ ಚುನಾವಣಾ ಪ್ರಚಾರಕ್ಕೆ ಅಂಕೋಲಾಕ್ಕೆ ಬಂದ ಪ್ರಧಾನಿ ನರೇಂದ್ರ ಮೋದಿ ಈ ಇಬ್ಬರು ಅಜ್ಜಿಯರಿಗೆ ಬಾಗಿ ನಮಸ್ಕರಿಸಿದರು. ಚಿತ್ರ ದೇಶವೆಲ್ಲ ಓಡಾಡಿತು. ನಮ್ಮ ರಾಜ್ಯದ ನಾಯಕರು, ಯಾವ ಪಕ್ಷದವರೇ ಆಗಲಿ, ಈ ಅಜ್ಜಿಯರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದರಲ್ಲಿ ಹಿಂದೆ ಬಿದ್ದವರಲ್ಲ. ಕಾಲಿಗೆ ಬಿದ್ದವರಿಗೆ ಕಡತ ಎತ್ತಲು ಬಗ್ಗಲಾಗಲಿಲ್ಲವೆ?

ಹಾಡಿಗೆ ಮರಳುತ್ತೇನೆ. ಇಂಥ ಹಾಡು ಗಾಳಿಯಲ್ಲಿ ಬದುಕುವುದಿಲ್ಲ. ನೆಟ್ಟಿಯ ಹಾಡಿಗೆ ನೆಟ್ಟಿ ಬೇಕು, ಗದ್ದೆ ಬೇಕು, ಸಾಲಾಗಿ ಬಗ್ಗಿದ ಹತ್ತು ಹೆಂಗಸರು ಬೇಕು. ಮದುವೆಯ ಹಾಡಿಗೆ ನಾಲ್ಕು ದಿನ ತಾಳ್ಮೆಯಿಂದ ನಡೆಯುವ ಮದುವೆ ಬೇಕು, ಎರಡು ಗಂಟೆಗೆ ಬಾಡಿಗೆಗೆ ಸಿಕ್ಕ ಕಲ್ಯಾಣಮಂಟಪ ಸಾಲದು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ದೇಶರಕ್ಷಣೆಗೆ ನೆಲ ಕೊಟ್ಟವರು ಅವರು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಪರಿಹಾರದ ಲೆಕ್ಕದಲ್ಲಿ ಮನೆಗೆ ಇಷ್ಟು, ತೆಂಗಿನ ಮರಕ್ಕೆ ಇಷ್ಟು ಎಂದು ಕಟ್ಟಿದರು. ಒಕ್ಕಲೆದ್ದ ಕೇರಿಯ ಹಾಡಿಗೆ ಎಷ್ಟು ಎಂದು ಕಟ್ಟುವ ಅಂಕಣ ಯಾವ ಅರ್ಜಿಯಲ್ಲೂ ಇರುವುದಿಲ್ಲ.

ಹಾಗೆಂದು ಹಾಲಕ್ಕಿ ಹೆಣ್ಣುಮಕ್ಕಳು ಎಂದೆಂದೂ ಗದ್ದೆಯಲ್ಲೇ ಬಗ್ಗಿರಲಿ, ಓದಬಾರದು, ರವಿಕೆ ತೊಡಬಾರದು, ನಮಗೆ ನೋಡಲು ಚೆಂದವಾಗಿರಲಿ ಎಂದು ನಾನು ಹೇಳುತ್ತಿಲ್ಲ. ಜಾನಪದದ ಹೆಸರಿನಲ್ಲಿ ಬಡತನವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವ ಪಂಡಿತರ ಚಟ ನನಗೆ ಬೇಡ. ಸುಕ್ರಜ್ಜಿಯ ಮೊಮ್ಮಕ್ಕಳ ಕಾಲದವರು ಎಂಜಿನಿಯರ್ ಆಗಲಿ, ಡಾಕ್ಟರ್ ಆಗಲಿ, ತಹಸೀಲ್ದಾರ್ ಆಗಲಿ. ಆದರೆ ಎಂಜಿನಿಯರ್ ಆಗಲು ತನ್ನ ಅಜ್ಜಿಯ ಮಾತಿಗೆ ನಾಚಬೇಕು ಎಂಬ ಶರತ್ತು ಯಾಕೆ?

2024ರಲ್ಲಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬ ಕಾನೂನು ಬಂತು. ಅದಕ್ಕಾಗಿ 2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಿಳಿದವರು ನಿಮ್ಮ ಅಣ್ಣತಮ್ಮಂದಿರೇ. ಬೋರ್ಡಿನ ಹೋರಾಟ ಸಣ್ಣದಲ್ಲ, ಅದನ್ನು ಬಿಡಬೇಡಿ. 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಸಿಕ್ಕಿದಾಗ ಪಟಾಕಿ ಹೊಡೆದೆವು, ಅದೂ ತಪ್ಪಲ್ಲ. ಆದರೆ ಬೋರ್ಡಿನ ಮೇಲಿನ ಕನ್ನಡಕ್ಕೆ ಕಾನೂನು ಇದೆ, ಕಲ್ಲಿನ ಮೇಲಿನ ಕನ್ನಡಕ್ಕೆ ಪುರಾತತ್ವ ಇಲಾಖೆ ಇದೆ, ಓಲೆಯ ಮೇಲಿನ ಕನ್ನಡಕ್ಕೆ ಪ್ರಾಚ್ಯ ಸಂಶೋಧನಾಲಯ ಇದೆ. ನಾಲಿಗೆಯ ಮೇಲಿನ ಕನ್ನಡಕ್ಕೆ ಯಾರು ದಿಕ್ಕು?

ಯಾರೂ ಇಲ್ಲ ಎನ್ನಲು ಬರುವುದಿಲ್ಲ. ಜಾನಪದ ಅಕಾಡೆಮಿ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಇದೆ. ಎಚ್.ಎಲ್. ನಾಗೇಗೌಡರು ಹಟ ಹಿಡಿದು ರಾಮನಗರದ ಬಳಿ ಜಾನಪದ ಲೋಕ ಕಟ್ಟಿಹೋದರು. ಕಾರವಾರ ಆಕಾಶವಾಣಿ ಸುಕ್ರಜ್ಜಿಯ ದನಿಯನ್ನು ಹಿಡಿದಿಟ್ಟಿದೆ. ಆದ್ದರಿಂದ ಅಳುವುದನ್ನು ಬಿಟ್ಟು ಕೇಳಬೇಕಾದ ಪ್ರಶ್ನೆ ಬಹಳ ಸರಳ: ಯಾರ ಬಳಿ ಎಷ್ಟು ಹಾಡು ಇದೆ? ಎಷ್ಟು ಗಂಟೆಯ ಧ್ವನಿಮುದ್ರಣ? ಯಾವ ಸ್ಥಿತಿಯಲ್ಲಿ? ನಾನೂ ನೀವೂ ಮನೆಯಲ್ಲಿ ಕೂತು ಅದನ್ನು ಕೇಳುವುದು ಹೇಗೆ? ಜನರ ತೆರಿಗೆ ಹಣದಲ್ಲಿ ಹಿಡಿದಿಟ್ಟ ಜನರ ಹಾಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಹಕ್ಕು ಯಾವ ಅಧಿಕಾರಿಗೂ ಇಲ್ಲ.

ಇದನ್ನು ಕೇಳಲು ಮೆರವಣಿಗೆಯೂ ಬೇಡ, ಕಲ್ಲೂ ಬೇಡ. 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕನ್ನಡದಲ್ಲೇ ಬರೆಯಿರಿ. ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಅರ್ಜಿ ಕೊಡಬಹುದೆಂದು ಆ ಕಾಯಿದೆಯ 6ನೇ ಕಲಮಿನಲ್ಲೇ ಇದೆ, ಆದ್ದರಿಂದ ಆಕಾಶವಾಣಿ ಕೇಂದ್ರ ಸರ್ಕಾರದ ಪ್ರಸಾರ ಭಾರತಿಗೆ ಸೇರಿದ್ದು ಎಂಬ ನೆಪ ನಡೆಯದು. ರಾಜ್ಯದ ಕಚೇರಿಗಳಿಗೆ ಬರೆಯುವಾಗ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ಹಿಂದಕ್ಕೆ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ. ಹಾಲಕ್ಕಿಗಳ ಕಡತ ಈಗ ಯಾವ ಮೇಜಿನ ಮೇಲಿದೆ ಎಂಬುದನ್ನು ಕೇಳಲು ಇನ್ನೊಂದು ಪ್ರತ್ಯೇಕ ಅರ್ಜಿ, ಇನ್ನೊಂದು 10 ರೂಪಾಯಿ. ಒಂದು ಊರಿನ ಒಬ್ಬ ಹುಡುಗ ಕೇಳಿದರೆ ಕಸದ ಬುಟ್ಟಿಗೆ ಹೋಗಬಹುದು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆಯ 200 ಹುಡುಗ ಹುಡುಗಿಯರು ಕೇಳಿದರೆ?

ಇನ್ನೊಂದು ಕೆಲಸಕ್ಕೆ ಅರ್ಜಿಯೂ ಬೇಡ. ಬೆಂಗಳೂರಿನಿಂದ ಹೊರಡುವ ಪಂಚಗಂಗಾ ರೈಲು ಬೆಳಗಾದ ಮೇಲೆ ಅಂಕೋಲಾದಲ್ಲಿ ನಿಲ್ಲುತ್ತದೆ. ವರ್ಷಕ್ಕೆ ನಾಲ್ಕು ಸಲ ಗೋವಾಕ್ಕೆ ಹೋಗುವ ಗೆಳೆಯರ ಗುಂಪು ಒಮ್ಮೆ, ಹೋಳಿಯ ಹೊತ್ತಿನ ಸುಗ್ಗಿಯಲ್ಲಿ, ಮೊದಲೇ ಇಳಿಯಲಿ. ಅಂಗಳದ ಬದಿಗೆ ಸುಮ್ಮನೆ ನಿಂತು ನೋಡಿ, ಸೆಲ್ಫಿಗೆ ಮುಗಿಬೀಳಬೇಡಿ. ಅಷ್ಟು ದೂರ ಹೋಗಲಾಗದವರಿಗೆ ಸ್ವಂತ ಊರಿನ ಅಜ್ಜಿ ಇದ್ದೇ ಇರುತ್ತಾರೆ. ಹೆಸರು, ಊರು, ಯಾರಿಂದ ಕಲಿತದ್ದು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದದ್ದು, ಇಷ್ಟನ್ನು ಮೊದಲು ಕೇಳಿ ಮೊಬೈಲಿನಲ್ಲಿ ಹಿಡಿಯಿರಿ, ಆಮೇಲೆ ಹಾಡು. ಅವರು ‘ನಂಗೇನೂ ಬರೂದಿಲ್ಲ, ಹೋಗ್ರೋ’ ಎನ್ನುತ್ತಾರೆ. ಹೋಗಬೇಡಿ. ಮೂರನೆಯ ಸಲ ಕೇಳಿದಾಗ ಒಲೆಯ ಮುಂದಿನಿಂದ ಎದ್ದು ಬಂದು ಕೂರುತ್ತಾರೆ.